ಸುತ್ತಿಗೊಮ್ಮೆ ಬಿಗಿಯುವ ಎಂಜಿನ್: ತಪ್ಪು ಮೋಟಾರಿನದಲ್ಲ

ಪ್ರಶ್ನೆ: ಬಾರ್ಶಿ ಲೈಟ್ ರೈಲ್ವೆಯ 0-8-4 (ಎಂಟು ಚಾಲಕ ಚಕ್ರ, ಹಿಂದೆ ನಾಲ್ಕು ಸಣ್ಣ ಚಕ್ರ) ಟ್ಯಾಂಕ್ ಎಂಜಿನ್ನಿನ ಮಾದರಿಯನ್ನು 1:48 ಅಳತೆಯಲ್ಲಿ, 16.5 ಮಿ.ಮೀ. ಹಳಿಗೆ ಹಿತ್ತಾಳೆ ತಗಡಿನಿಂದ ಮನೆಯಲ್ಲೇ ಕಟ್ಟುತ್ತಿದ್ದೇನೆ. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್ ಇಲ್ಲದಾಗ ಚಕ್ರಗಳು ಸಲೀಸಾಗಿ ತಿರುಗುತ್ತವೆ, ಹಾಕಿದರೆ ಪ್ರತಿ ಸುತ್ತಿನಲ್ಲೂ ಸಿಕ್ಕಿಕೊಳ್ಳುತ್ತವೆ. ಹೆಚ್ಚು ಬಲದ ಮೋಟಾರ್ ಹಾಕಲೇ?
– ಓದುಗರು, ಅಕ್ಕಲಕೋಟೆ, ಸೊಲ್ಲಾಪುರ ಜಿಲ್ಲೆ

ಉತ್ತರ: ಖಂಡಿತ ಬೇಡ. ಬಲವಾದ ಮೋಟಾರ್ ದೋಷವನ್ನು ಮುಚ್ಚುತ್ತದೆ, ಆಮೇಲೆ ಚಕ್ರದಲ್ಲಿ ರಾಡ್ ಕೂರುವ ಕ್ರ್ಯಾಂಕ್ ಪಿನ್ನನ್ನೇ ಸಡಿಲಿಸುತ್ತದೆ. ನೀವು ಆರಿಸಿದ ಅಳತೆ ಸರಿಯಾಗಿದೆ. ಬಾರ್ಶಿ ಹಳಿಯ ಅಗಲ 762 ಮಿ.ಮೀ. ಇತ್ತು, 48ರಿಂದ ಭಾಗಿಸಿದರೆ 15.9. ಅರ್ಧ ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸ ಕಣ್ಣಿಗೆ ಬೀಳದು. ಒಂದೊಂದು ಅಚ್ಚಿನ ಮೇಲೆ 5 ಟನ್‌ಗಿಂತ ಹೆಚ್ಚು ಭಾರ ಬೀಳಬಾರದೆಂದು ಆ ರೈಲ್ವೆ ಕಟ್ಟಿದ ಎಂಜಿನಿಯರ್ ಎವರಾರ್ಡ್ ಕಾಲ್‌ಥ್ರಾಪ್ ಎಂಟು ಚಾಲಕ ಚಕ್ರಗಳ ಎಂಜಿನ್ ಮಾಡಿಸಿದರು. ಮಾದರಿ ಕಟ್ಟುವವರಿಗೆ ಕಷ್ಟ ಶುರುವಾಗುವುದೂ ಆ ಎಂಟು ಚಕ್ರಗಳಿಂದಲೇ.

ಮೋಟಾರ್ ಬಿಚ್ಚಿಟ್ಟು, ಚಕ್ರಗಳನ್ನು ಬೆರಳಿನಿಂದ ನಿಧಾನ ತಿರುಗಿಸಿ, ಎಲ್ಲಿ ಬಿಗಿಯುತ್ತದೆ ನೋಡಿ. ಕ್ರ್ಯಾಂಕ್ ಪಿನ್ ಗಡಿಯಾರದ ಮೂರು ಅಥವಾ ಒಂಬತ್ತು ಗಂಟೆಯ ಜಾಗದಲ್ಲಿದ್ದಾಗ ಬಿಗಿದರೆ, ಸಾಮಾನ್ಯವಾಗಿ ರಾಡಿನ ರಂಧ್ರಗಳ ಅಂತರಕ್ಕೂ ಅಚ್ಚುಗಳ ಅಂತರಕ್ಕೂ ತಾಳೆಯಿಲ್ಲ ಎಂದರ್ಥ. ಒಂದೂವರೆ, ನಾಲ್ಕೂವರೆಯಂಥ ಓರೆ ಜಾಗದಲ್ಲಿ ಬಿಗಿದರೆ ಎಡ-ಬಲ ಚಕ್ರಗಳ ಕ್ರ್ಯಾಂಕ್ ಪಿನ್ನುಗಳ ನಡುವಿನ ಕೋನ ಅಚ್ಚಿನಿಂದ ಅಚ್ಚಿಗೆ ಬೇರೆಯಾಗಿದೆ. ಈ ಕೋನ 90ರ ಬದಲು 88 ಡಿಗ್ರಿ ಆದರೂ ಎಂಜಿನ್ ಓಡುತ್ತದೆ, ಆದರೆ ನಾಲ್ಕೂ ಅಚ್ಚಿನಲ್ಲಿ ಅದೇ 88 ಇರಲೇಬೇಕು. ಕಣ್ಣಳತೆಗೆ ಇದು ಸಿಗದು. ಕೋನ ಹಿಡಿದಿಡುವ ಒಂದೇ ಜಿಗ್‌ನಲ್ಲಿ (ಹಿಡಿಕೆ ಚೌಕಟ್ಟಿನಲ್ಲಿ) ನಾಲ್ಕೂ ಅಚ್ಚುಗಳನ್ನು ಕೂರಿಸಿ.

ಮೊದಲು ಮೋಟಾರ್ ತಿರುಗಿಸುವ ಅಚ್ಚು ಮತ್ತು ಪಕ್ಕದ ಅಚ್ಚಿಗೆ ಮಾತ್ರ ಎರಡೂ ಬದಿಯ ರಾಡ್ ಹಾಕಿ ತಿರುಗಿಸಿ. ಸಲೀಸಾದ ಮೇಲೆ ಮೂರನೆಯದು, ಆಮೇಲೆ ನಾಲ್ಕನೆಯದು. ಹೀಗೆ ಮಾಡಿದರೆ ತಪ್ಪಿದ ಅಚ್ಚು ತಾನಾಗಿ ಸಿಕ್ಕಿಬೀಳುತ್ತದೆ. 1.5 ಮಿ.ಮೀ. ಪಿನ್ನಿಗೆ ರಂಧ್ರ 1.6 ಇದ್ದರೆ ಸಾಕು. ಅದಕ್ಕಿಂತ ಹಿಗ್ಗಿಸಿದರೆ ಬಿಗಿತ ಹೋಗಿ ಕುಂಟುವಿಕೆ ಬರುತ್ತದೆ. ಇಡೀ ಉದ್ದಕ್ಕೂ ಒಂದೇ ರಾಡ್ ಇದ್ದರೆ ಮೂರು ತುಂಡು ಮಾಡಿ ಕೀಲು ಕೊಡಿ, ಹಳಿಯ ಏರುತಗ್ಗಿಗೆ ಅದು ಮಣಿಯಬೇಕು. ತಿರುವಿಗಾಗಿ ನಡುವಿನ ಎರಡು ಅಚ್ಚುಗಳಿಗೆ ಪ್ರತಿ ಬದಿಗೆ ಅರ್ಧ ಮಿಲಿಮೀಟರ್ ಅಡ್ಡ ಸಡಿಲ ಬಿಡಿ.

ಅಂತರವೇ ತಪ್ಪಿದ್ದರೆ ಹೊಸ ರಾಡ್ ಮಾಡುವುದು ಮೇಲು. ಎರಡೂ ಬದಿಯ ಪಟ್ಟಿಗಳನ್ನು ಬೆಸುಗೆಯಲ್ಲಿ ಒಂದಕ್ಕೊಂದು ಅಂಟಿಸಿ ಒಟ್ಟಿಗೆ ಕೊರೆಯಿರಿ. ಮುಂದಿನ ಎಂಜಿನ್ನಿಗೆ ಮೊದಲು ರಾಡ್ ಮಾಡಿ, ಅದನ್ನೇ ಜಿಗ್ ಆಗಿಟ್ಟು ಚಾಸಿಯ ರಂಧ್ರ ಕೊರೆಯಿರಿ, ತಾಳೆಯ ಪ್ರಶ್ನೆಯೇ ಏಳದು.

ಮೋಟಾರಿನ ವಿಷಯ: 15 ಮಿ.ಮೀ. ಚಕ್ರವಾದರೆ, ಗೇರ್‌ಬಾಕ್ಸ್ ಕೂಡಿದ 12 ವೋಲ್ಟಿನ ಎನ್20 ಎಂಬ ಪುಟ್ಟ ಮೋಟಾರ್, ನಿಮಿಷಕ್ಕೆ 150 ಸುತ್ತಿನದು, ಮಾದರಿಯ ಲೆಕ್ಕದಲ್ಲಿ ಗಂಟೆಗೆ ಸುಮಾರು 20 ಕಿ.ಮೀ. ಓಡಿಸುತ್ತದೆ. ಅಚ್ಚಿಗೆ ಸಮಗೇರಿನಲ್ಲಿ (1:1) ಜೋಡಿಸಿ.

ಪ್ರಶ್ನೆ: ಹಿತ್ತಾಳೆಯ ಬಾಯ್ಲರ್ ಮಳೆಗಾಲದಲ್ಲಿ ಬೆಸುಗೆಯ ಸುತ್ತ ಹಸಿರುಗಟ್ಟಿ ಬಣ್ಣ ಎದ್ದಿದೆ. ಏನು ಮಾಡಲಿ?
– ಓದುಗರು, ಮಂಜೇಶ್ವರ

ಉತ್ತರ: ಅದು ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ದ್ರವ) ಉಳಿದಿರುವ ಗುರುತು. ಅದರಲ್ಲಿರುವ ಜಿಂಕ್ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಕರಾವಳಿಯ ಜೂನ್‌ನಲ್ಲಿ ಅದಕ್ಕೆ ಬೇರೇನೂ ಬೇಡ. ಬಣ್ಣ ಪೂರ್ತಿ ತೆಗೆದು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಾಯ್ಲರಿನ ಒಳಮೈಯನ್ನೂ ಬಿಡಬೇಡಿ. ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಇನ್ನು ಮುಂದೆ ಬೆಸುಗೆ ಹಾಕಿದ ಸಂಜೆಯೇ ತೊಳೆಯಿರಿ, ಮೋಟಾರಿನ ಬಳಿಯ ತಂತಿಗಳಿಗೆ ರೋಸಿನ್ (ಮರದ ರಾಳದ) ಫ್ಲಕ್ಸನ್ನಷ್ಟೇ ಬಳಸಿ.