ಮುಚ್ಚಿದ ನಾಳದ ಪಕ್ಕದ ದಾರಿ

ಮುಧೋಳ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ತಂದೆಯವರಿಗೆ 62 ವರ್ಷ. ಹೃದಯದ ಎಡ ಮುಖ್ಯನಾಳವೂ ಸೇರಿ 3 ಕಡೆ ಬ್ಲಾಕ್ ಇದೆ, ಬೈಪಾಸ್ ಆಗಲೇಬೇಕು ಎಂದು ಬೆಳಗಾವಿಯ ವೈದ್ಯರು ಹೇಳಿದ್ದಾರೆ. ಕಾಲಿಗೆ ಪಟ್ಟಿ ಕಟ್ಟಿ 35 ತಾಸು ಒತ್ತಿಸಿಕೊಂಡರೆ ರಕ್ತನಾಳಗಳು ತಾವಾಗಿಯೇ ಬೆಳೆಯುತ್ತವೆ, ತಾವು ಗುಣವಾದದ್ದೂ ಹಾಗೆಯೇ ಎಂದು ನಮ್ಮ ಬೀಗರು ಹೇಳುತ್ತಾರೆ. ಕಬ್ಬಿನ ಕಟಾವು ಮುಗಿಯುವವರೆಗೆ ಆಪರೇಷನ್ ಮುಂದೂಡಬಹುದೇ?’

ಮಾನ್ಯರೇ,

ಬೀಗರ ಮಾತು ಪೂರ್ತಿ ಸುಳ್ಳಲ್ಲ; ತೊಡಕಿರುವುದು ಅಲ್ಲಿಯೇ. ಘಟಪ್ರಭಾ ಕಾಲುವೆಯ ನೀರು ಹಾಯಿಸುವ ನಿಮಗೆ ಗೊತ್ತಿರುವಂತೆ, ಹೊಲಗಾಲುವೆಗೆ ಕಸ ಕಟ್ಟಿಕೊಂಡರೆ ನೀರು ಬದುವಿನ ಸಣ್ಣ ಸಂದಿಯಲ್ಲಿ ನುಗ್ಗುತ್ತದೆ, ನುಗ್ಗಿದಷ್ಟೂ ಆ ಸಂದಿ ಅಗಲವಾಗುತ್ತದೆ. ಹೃದಯದಲ್ಲಿಯೂ ಒಂದು ಧಮನಿಯನ್ನು ಇನ್ನೊಂದಕ್ಕೆ ಕೂಡಿಸುವ ಕೂದಲೆಳೆಯಂಥ ನಾಳಗಳು ಅನೇಕರಲ್ಲಿ ಮೊದಲಿನಿಂದಲೇ ಇದ್ದು, ದೊಡ್ಡ ನಾಳ ಮೆಲ್ಲಗೆ ಕಟ್ಟಿಕೊಳ್ಳುತ್ತ ಬಂದಾಗ ಒಳಗೋಡೆಯನ್ನು ಉಜ್ಜಿ ಹರಿಯುವ ರಕ್ತದ ಸೆಳೆತಕ್ಕೆ ಹಿಗ್ಗುತ್ತವೆ. ಆದರೆ ಅವು ಎಲ್ಲರಲ್ಲೂ ಒಂದೇ ಅಳತೆಗೆ ಹಿಗ್ಗುವುದಿಲ್ಲ. ಹಿಗ್ಗಲು ವಾರಗಳು, ತಿಂಗಳುಗಳು ಬೇಕು. ರಕ್ತ ಹೆಪ್ಪುಗಟ್ಟಲು ಕೆಲವೇ ನಿಮಿಷ ಸಾಕು.

ಔಷಧದಿಂದ ಹೊಸ ನಾಳಗಳನ್ನು ಚಿಗುರಿಸುವುದು ಬೇರೆಯೇ ಕಥೆ. ಆಮ್ಲಜನಕ ಸಾಲದ ಅಂಗಾಂಶ ಹೊರಡಿಸುವ, ಹೊಸ ನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು 1989ರಲ್ಲಿ ಬೇರ್ಪಡಿಸಿದ ಮೇಲೆ, ಅದನ್ನೇ ಹೃದ್ರೋಗಿಗಳಿಗೆ ಕೊಡುವ ಆಸೆ ಹುಟ್ಟಿತು. 178 ರೋಗಿಗಳ ‘ವಿವಾ’ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. 60ನೆಯ ದಿನ ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರೆ, ಔಷಧವಿಲ್ಲದ ಬರಿಯ ದ್ರಾವಣ ಪಡೆದವರೂ ಮೊದಲಿಗಿಂತ ಹೆಚ್ಚು ಹೊತ್ತು ನಡೆದಿದ್ದರು! ಹೆಚ್ಚಿನ ಪ್ರಮಾಣ ಪಡೆದವರಿಗೆ 120ನೆಯ ದಿನದ ಹೊತ್ತಿಗೆ ಎದೆನೋವು ತಗ್ಗಿತ್ತೆಂಬುದು ನಿಜ, ಆದರೂ ಅದು ಬೈಪಾಸನ್ನು ಬಿಡಿಸುವಂಥ ಔಷಧವಾಗಲಿಲ್ಲ. ಬೀಗರ ಅನುಭವವನ್ನು ನಾನು ಅಲ್ಲಗಳೆಯುತ್ತಿಲ್ಲ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯೇ ಮನುಷ್ಯನನ್ನು ನಾಲ್ಕು ಹೆಜ್ಜೆ ಹೆಚ್ಚು ನಡೆಸುತ್ತದೆ ಎನ್ನುತ್ತಿದ್ದೇನೆ, ಅಷ್ಟೆ. ಅಲ್ಲದೆ, ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರಿಗೆ ಇದೇ ಪ್ರೋಟೀನನ್ನು ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ನಾಳ ಎಲ್ಲಿ ಬೆಳೆದರೂ ಒಳ್ಳೆಯದೇ ಎನ್ನುವಂತಿಲ್ಲ.

ಕಾಲಿನ ಪಟ್ಟಿಯ ಚಿಕಿತ್ಸೆಗೆ ಇಇಸಿಪಿ ಎನ್ನುತ್ತಾರೆ. ಮೀನಖಂಡ, ತೊಡೆ, ಪೃಷ್ಠಗಳಿಗೆ ಸುತ್ತಿದ ಪಟ್ಟಿಗಳು ಹೃದಯ ಸಡಿಲಗೊಳ್ಳುವ ಗಳಿಗೆಗೆ ಸರಿಯಾಗಿ ಬಿಗಿದು, ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ. ಔಷಧಕ್ಕೆ ಬಗ್ಗದ ಎದೆನೋವಿದ್ದು ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಲ್ಲಿ ಕೆಲವರಿಗೆ ಇದರಿಂದ ಆರಾಮ ಸಿಗುತ್ತದೆ. ‘ನ್ಯಾಚುರಲ್ ಬೈಪಾಸ್’ ಎಂಬ ಹೆಸರು ಮಾತ್ರ ಜಾಹೀರಾತಿನ ಭಾಷೆ. ಎಡ ಮುಖ್ಯನಾಳ ಎಂದರೆ ಉಪಕಾಲುವೆಯಲ್ಲ, ಎಡಭಾಗಕ್ಕೆಲ್ಲ ನೀರು ಬಿಡುವ ತೂಬು. ಅದು ಕಟ್ಟಿಕೊಂಡವರಿಗೆ ಬೈಪಾಸ್ ಆಯುಷ್ಯವನ್ನೇ ಹೆಚ್ಚಿಸುತ್ತದೆಂದು ಪ್ರಯೋಗಗಳು ತೋರಿಸಿವೆ; ಪಟ್ಟಿಯ ಚಿಕಿತ್ಸೆಗೆ ಅಂಥ ಪುರಾವೆಯಿಲ್ಲ.

ಆದ್ದರಿಂದ ಮುಂದೂಡಬೇಡಿ. ಕುಳಿತಲ್ಲೇ ಎದೆ ಹಿಡಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಸೇರಿಸಿ. ಕಟಾವಿನ ಗ್ಯಾಂಗಿನ ಪಾಳಿಯನ್ನು ಮನೆಯ ಬೇರೆ ಯಾರಾದರೂ ನೋಡಿಕೊಳ್ಳಲಿ. ನೀವು ಆಂಜಿಯೋಗ್ರಾಮಿನ ಸಿ.ಡಿ. ಹಿಡಿದು ಈ ವಾರವೇ ಬೆಳಗಾವಿಗೆ ಹೋಗಿ ದಿನ ಗೊತ್ತುಮಾಡಿಕೊಂಡು ಬನ್ನಿ.

— ಸಂಪಾದಕ