ನಿರಂತರ ಗುರುತ್ವ ಅಲೆಗಳು ಸದಾ ಬರುತ್ತಿದ್ದರೆ ಇನ್ನೂ ಯಾಕೆ ಸಿಕ್ಕಿಲ್ಲ?

ಗುರುತ್ವ ಅಲೆ ಅಂದರೆ ದೇಶ-ಕಾಲದಲ್ಲೇ ಏಳುವ ನವಿರಾದ ಕಂಪನ. 2015ರಲ್ಲಿ ಅದನ್ನು ಹಿಡಿಯುವ ಅಮೆರಿಕದ ಯಂತ್ರ ಲೈಗೋಗೆ ಮೊದಲು ಸಿಕ್ಕ ಅಲೆ ಎರಡು ಕಪ್ಪುಕುಳಿಗಳ ಡಿಕ್ಕಿಯದು, ಬಂದು ಹೋದದ್ದು ಸುಮಾರು 0.2 ಸೆಕೆಂಡಿನಲ್ಲಿ. ಅದೇ ಸಿಕ್ಕಿತು ಅಂದ ಮೇಲೆ ವರ್ಷಗಟ್ಟಲೆ ಬರುವುದು ಸುಲಭವಾಗಿ ಸಿಗಬೇಕಲ್ವಾ ಅಂತ ಕೇಳಿದ್ದೀರಿ. ನನಗೂ ಇದೇ ಅನುಮಾನ ಇತ್ತು. ನಾನು ವಿಜ್ಞಾನಿ ಅಲ್ಲ. ಧಾರವಾಡದವನು, ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಮನೆಯ ಕಂಪ್ಯೂಟರಿನಲ್ಲಿ ರಾತ್ರಿ ಹೊತ್ತು ಐನ್‌ಸ್ಟೈನ್ ಅಟ್ ಹೋಮ್ ಓಡಿಸುತ್ತೇನೆ. 2005ರಿಂದ ಜನರ ಕಂಪ್ಯೂಟರುಗಳಲ್ಲಿ ಇದೇ ಹುಡುಕಾಟ ನಡೆಸುತ್ತಿರುವ ಯೋಜನೆ ಅದು.

ಕಪ್ಪುಕುಳಿಗಳ ಡಿಕ್ಕಿ ಒಂದು ಕೂಗು. ನಿರಂತರ ಅಲೆ ತಂಬೂರಿಯ ಶ್ರುತಿ. ಡಿಸೆಂಬರಿನಲ್ಲಿ ಇಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರೆ ಜನರ ಗದ್ದಲವೇ ಜಾಸ್ತಿ. ಆದರೂ ತಂಬೂರಿ ನಿಲ್ಲುವುದಿಲ್ಲ, ಕಿವಿಗೊಟ್ಟು ಕೂತರೆ ಸಿಗುತ್ತದೆ. ಲೈಗೋ ಮಾಡುವುದೂ ಅದನ್ನೇ. ತಿಂಗಳುಗಟ್ಟಲೆ ಡೇಟಾ ಕೂಡಿಸುತ್ತಾ ಹೋದರೆ ಗದ್ದಲ ಒಂದಕ್ಕೊಂದು ಹೊಡೆದುಹೋಗುತ್ತದೆ, ಶ್ರುತಿ ಮೇಲೆ ಬರುತ್ತದೆ. ಆದರೆ ಅರ್ಧದಷ್ಟು ಸಣ್ಣ ಶ್ರುತಿ ಹಿಡಿಯಲು ನಾಲ್ಕು ಪಟ್ಟು ಡೇಟಾ ಬೇಕು.

ಆ ಶ್ರುತಿ ಎಷ್ಟು ಸಣ್ಣದು ಗೊತ್ತಾ? ಅದು ಬರಬೇಕಾದದ್ದು ಗಿರಗಿರ ತಿರುಗುವ ನ್ಯೂಟ್ರಾನ್ ನಕ್ಷತ್ರದಿಂದ, ಅಂದರೆ ಸತ್ತ ದೊಡ್ಡ ನಕ್ಷತ್ರದ ಕುಗ್ಗಿದ ತಿರುಳಿನಿಂದ. ಅಡ್ಡಗಲ ಸುಮಾರು 20 ಕಿ.ಮೀ., ತೂಕ ಸೂರ್ಯನಿಗಿಂತ ಜಾಸ್ತಿ. ಅದು ಪೂರ್ತಿ ದುಂಡಗಿದ್ದರೆ ಅಲೆಯೇ ಏಳುವುದಿಲ್ಲ. ಎಲ್ಲೋ ಒಂದು ಕಡೆ ಉಬ್ಬು ಇರಬೇಕು. ಮಿಡಿತದಂತೆ ಬಿಟ್ಟುಬಿಟ್ಟು ಸಂಕೇತ ಬರುವ ಇಂಥ ನಕ್ಷತ್ರಕ್ಕೆ ಪಲ್ಸಾರ್ ಅಂತಾರೆ. ಕೆಲವು ಪಲ್ಸಾರ್‌ಗಳಲ್ಲಿ ಆ ಉಬ್ಬು ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಂತ ಈಗಾಗಲೇ ಖಚಿತವಾಗಿದೆ. ಅಲೆ ಕಾಣಿಸಲಿಲ್ಲ ಅನ್ನುವುದರಿಂದಲೇ ತಿಳಿದ ಮಾತು ಇದು! ನನಗಂತೂ ಓದಿ ರೋಮಾಂಚನವಾಯಿತು.

ನಿಜವಾದ ತೊಂದರೆ ನಾವು ಕೂತಿರುವ ಭೂಮಿಯದು. ಓಡುವ ರೈಲಿನಲ್ಲಿ ಕೂತವರಿಗೆ ಗೇಟಿನ ಗಂಟೆಯ ಸ್ವರ ಬದಲಾಗುತ್ತದಲ್ಲ, ಹಾಗೆ. ಭೂಮಿ ಸೆಕೆಂಡಿಗೆ 30 ಕಿ.ಮೀ. ಓಡುತ್ತದೆ. 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಶ್ರುತಿ ವರ್ಷವಿಡೀ 0.01 ಹರ್ಟ್ಸ್‌ನಷ್ಟು ಆಚೀಚೆ ಆಗುತ್ತದೆ. ಇದೇನು ಮಹಾ ಅನ್ನಿಸಬಹುದು. ಆದರೆ ಒಂದು ವರ್ಷದ ಡೇಟಾದಲ್ಲಿ ಇದಕ್ಕಿಂತ ಲಕ್ಷಾಂತರ ಪಟ್ಟು ಸಣ್ಣ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ತಿದ್ದದೆ ಸುಮ್ನೆ ಕೂಡಿಸಿದರೆ ಶ್ರುತಿ ಚದುರಿಹೋಗುತ್ತದೆ. ತಿದ್ದುಪಡಿಯೋ, ಆಕಾಶದ ಒಂದೊಂದು ಜಾಗಕ್ಕೆ ಒಂದೊಂದು ಥರ.

ಕ್ರ್ಯಾಬ್ ಪಲ್ಸಾರ್‌ನಂಥದ್ದಾದರೆ ಜಾಗ ಗೊತ್ತು, ಸೆಕೆಂಡಿಗೆ ಸುಮಾರು 30 ಸುತ್ತು ಅನ್ನುವುದೂ ಗೊತ್ತು. ಅಲೆ ಅದರ ಎರಡರಷ್ಟರಲ್ಲಿ ಬರಬೇಕು. ಗೊತ್ತಿಲ್ಲದ ನಕ್ಷತ್ರಕ್ಕೆ ಇಡೀ ಆಕಾಶ ಜಾಲಾಡಬೇಕು. ವರ್ಷದ ಡೇಟಾವನ್ನು ಒಟ್ಟಿಗೆ ಹಾಗೆ ಜಾಲಾಡಲು ಜಗತ್ತಿನ ಕಂಪ್ಯೂಟರುಗಳೇ ಸಾಲವು. ಅದಕ್ಕೇ ಡೇಟಾವನ್ನು ತುಂಡು ಮಾಡಿ, ಆಮೇಲೆ ಜೋಡಿಸುತ್ತಾರೆ. ತುಂಡುಗಳನ್ನು ಜೋಡಿ ಜೋಡಿಯಾಗಿ ಹೋಲಿಸುವ ಒಂದು ವಿಧಾನವನ್ನು 2008ರಲ್ಲಿ ಕೊಟ್ಟವರಲ್ಲಿ ನಮ್ಮ ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯೂಕಾದ ಸಂಜೀವ ಧುರಂಧರ್ ಒಬ್ಬರು.

ಡಿಕ್ಕಿಯ ಅಲೆ ಒಮ್ಮೆ ಹೋದರೆ ಹೋಯಿತು. ಇದು ಸಿಕ್ಕರೆ ಮಾರನೇ ದಿನವೂ ಅಲ್ಲೇ ಇರುತ್ತದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಅಂಥದ್ದೇ ಯಂತ್ರ ಲೈಗೋ-ಇಂಡಿಯಾಕ್ಕೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಶುರುವಾದ ದಿನ ನಮ್ಮವರೂ ಅದೇ ಶ್ರುತಿಯನ್ನು ಕೇಳಿ ನೋಡಬಹುದು.