ಆಷಾಢದ ಲೆಕ್ಕ

ಪ್ರಶ್ನೆ: ಮೃದಂಗದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿದ್ದೇನೆ. ವಯಸ್ಸು 25. ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಅದನ್ನು ಬಿಟ್ಟು ಪೂರ್ತಿಯಾಗಿ ವಾದನಕ್ಕೆ ಇಳಿಯಬೇಕೆಂಬ ಆಸೆ. ಈ ವಿಷಯ ತೆಗೆದಾಗಿನಿಂದ ತಂದೆ ಮಾತು ಬಿಟ್ಟಿದ್ದಾರೆ. ಮೃದಂಗ ನಂಬಿ ಬದುಕಬಹುದೇ?
– ಹಾಸನದ ಓದುಗ

ಉತ್ತರ: ಬದುಕಬಹುದು. 31 ವರ್ಷಗಳಿಂದ ನಾನು ಮೃದಂಗವನ್ನೇ ನಂಬಿ ಬದುಕಿದ್ದೇನೆ. ಆದರೆ ಮನೆ ಬಾಡಿಗೆ ಕಟ್ಟಿದ್ದು ಕಛೇರಿಯಲ್ಲಿ ಮೃದಂಗವೇ ಒಂಟಿಯಾಗಿ ಮೆರೆಯುವ ತನಿ ಆವರ್ತನವಲ್ಲ. ಬೆಳಗಿನ ಪಾಠಗಳು ಮತ್ತು ಭರತನಾಟ್ಯ ಕಲಿತವರು ಮೊದಲ ಬಾರಿ ವೇದಿಕೆ ಏರುವ ರಂಗಪ್ರವೇಶಗಳು.

ರಂಗಪ್ರವೇಶವೆಂದರೆ ವಿದ್ವತ್ ಮುಗಿಸಿದವರು ಮೂಗು ಮುರಿಯುತ್ತಾರೆ. ತಾಳ ಹಿಡಿದು ನೃತ್ಯ ನಡೆಸುವ ನಟ್ಟುವಾಂಗದವರು ಹೇಳಿದ ಜತಿಗೆ, ಅಂದರೆ ‘ತ ಧಿಮಿ’ಯಂಥ ಸೊಲ್ಲುಗಳಿಗೆ, ಅಕ್ಷರಕ್ಕೆ ಅಕ್ಷರ ಕೂಡಿಸಿ ನುಡಿಸಬೇಕು, ಅಲ್ಲಿ ನಮ್ಮ ಲೆಕ್ಕಾಚಾರ ಯಾರಿಗೂ ಬೇಡ. ನಾನೂ ಎರಡು ವರ್ಷ ‘ನೃತ್ಯಕ್ಕೆ ನುಡಿಸುವುದಿಲ್ಲ’ ಎಂದು ಬಿಗುಮಾನದಿಂದ ಕುಳಿತಿದ್ದೆ. ಆ ಎರಡು ವರ್ಷ ಹೆಂಡತಿಯ ಸಂಬಳದಲ್ಲಿ ಉಂಡೆ. ಆಮೇಲೆ ಹೋದೆ. ಕಾಲಪ್ರಮಾಣ, ಅಂದರೆ ಲಯದ ವೇಗ, ಅಲುಗಾಡದಂತೆ ಹಿಡಿಯುವುದನ್ನು ನಿಜವಾಗಿ ಕಲಿತದ್ದು ಅಲ್ಲೇ. ಒಂದು ಎಚ್ಚರಿಕೆ: ಒಂದು ಕಾರ್ಯಕ್ರಮಕ್ಕೆ ಏಳೆಂಟು ತಾಲೀಮು ಆಗುತ್ತವೆ. ತಾಲೀಮಿನ ಸಂಭಾವನೆ ಬೇರೆ ಎಂದು ಮೊದಲ ದಿನವೇ, ಕಾಫಿ ಬರುವುದಕ್ಕೂ ಮುಂಚೆ, ಹೇಳಿಬಿಡಿ. ಕಾಫಿ ಕುಡಿದ ಮೇಲೆ ನಮ್ಮವರಿಗೆ ಬಾಯಿ ಬರುವುದಿಲ್ಲ.

ಮೃದಂಗ ಎರಡು ಇರಬೇಕು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಾಯಕರು ಒಂದು, ಒಂದೂವರೆ ಮನೆಯ ತಗ್ಗು ಶ್ರುತಿಯಲ್ಲಿ ಹಾಡಿದರೆ ಗಾಯಕಿಯರು ಐದು, ಐದೂವರೆಯ ಎತ್ತರದಲ್ಲಿ ಹಾಡುತ್ತಾರೆ. ಪಿಟೀಲಿನವರು ಬಿರಡೆ ತಿರುವಿ ಹೊಂದಿಕೊಳ್ಳುತ್ತಾರೆ, ನಮ್ಮ ಮುಚ್ಚಿಗೆ, ಅಂದರೆ ಮೃದಂಗದ ಬಾಯಿಗೆ ಬಿಗಿದ ಚರ್ಮ, ಅಷ್ಟು ದೂರ ಏರುವುದಿಲ್ಲ. ಆಗ ನನ್ನ ಬಳಿ ಇದ್ದದ್ದು ತಗ್ಗು ಶ್ರುತಿಯದು ಒಂದೇ. ಒಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಕರೆ ಬಂತು: ಬರಬೇಕಾದವರಿಗೆ ಜ್ವರ, ಆರಕ್ಕೆ ಕಛೇರಿ. ಯಾರ ಹಾಡುಗಾರಿಕೆ ಎಂದೂ ಕೇಳದೆ ಓಡಿದೆ. ಐದು ಮನೆ! ಕಲ್ಲು ಹಿಡಿದು ತಟ್ಟಿ ತಟ್ಟಿ ಏರಿಸಿದೆ. ಕಛೇರಿ ಶುರುವಾಗುವ ವರ್ಣದ ನಡುವೆಯೇ ಮುಚ್ಚಿಗೆ ಸೀಳಿತು. ಆ ವಿದುಷಿ ಆಮೇಲೆ ಹತ್ತು ವರ್ಷ ನನ್ನನ್ನು ಕರೆಯಲಿಲ್ಲ, ನಾನಾಗಿದ್ದರೂ ಕರೆಯುತ್ತಿರಲಿಲ್ಲ. ಈಗ ಚರ್ಮದ ಬಾರಿನ ಬದಲು ಬೋಲ್ಟ್ ತಿರುಗಿಸಿ ಬಿಗಿಯುವ ಮೃದಂಗ ಬಂದು ಬಿಗಿಯುವ ಕೆಲಸ ಹಗುರಾಗಿದೆ. ಆದರೂ ಎರಡು ಬೇಕು.

ಆಕಾಶವಾಣಿಯ ಧ್ವನಿಪರೀಕ್ಷೆಗೆ ಅರ್ಜಿ ಹಾಕಿ. ‘ಬಿ’ ಶ್ರೇಣಿ ಸಿಕ್ಕರೂ ಸರಿ. ಅಲ್ಲಿಂದ ‘ಬಿ ಹೈ’, ‘ಎ’, ‘ಎ ಟಾಪ್’ ಎಂದು ಮೆಟ್ಟಿಲುಗಳಿವೆ. ಅಲ್ಲಿನ ಸಂಭಾವನೆಗಿಂತ ಆ ಅಕ್ಷರಕ್ಕೇ ಬೆಲೆ ಹೆಚ್ಚು. ನಿಮ್ಮ ವಾದನವನ್ನು ಎಂದೂ ಕೇಳದ ಸಂಗೀತ ಸಭೆಗಳ ಕಾರ್ಯದರ್ಶಿಗಳು ಅದನ್ನು ಓದಿಯೇ ಕರೆಯುತ್ತಾರೆ.

ಇನ್ನು ಕೆಲಸ ಬಿಡುವ ಮಾತು. ರಾಮನವಮಿಯ ತಿಂಗಳನ್ನು ನೋಡಿ ರಾಜೀನಾಮೆ ಬರೆಯಬೇಡಿ. 1939ರಿಂದ ನಡೆದುಬಂದಿರುವ ರಾಮಸೇವಾ ಮಂಡಳಿಯ ಸಂಗೀತೋತ್ಸವಕ್ಕೆ ಬೆಂಗಳೂರು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಏಳುತ್ತದೆ, ಬಡಾವಣೆಯ ಪುಟ್ಟ ಗುಡಿಯಲ್ಲೂ ಪಾನಕದ ಪಕ್ಕ ಕಛೇರಿ ನಡೆಯುತ್ತದೆ. ಆಗ ಎಲ್ಲರೂ ವಿದ್ವಾಂಸರೇ. ಆಷಾಢ ಬರಲಿ. ಫೋನ್ ಕೆಟ್ಟಿರಬಹುದೆಂದು ಪಕ್ಕದ ಮನೆಯಿಂದ ನನ್ನ ಸಂಖ್ಯೆಗೇ ಕರೆ ಮಾಡಿ ನೋಡಿದ್ದೇನೆ. ಚೆನ್ನಾಗಿ ರಿಂಗಾಗುತ್ತಿತ್ತು.

ನೀವು ಲೆಕ್ಕದವರು. ಕೆಲಸದಲ್ಲಿದ್ದುಕೊಂಡೇ ಒಂದು ಪುಸ್ತಕ ಇಡಿ: ಕಛೇರಿ, ತಾಲೀಮು, ಪಾಠ, ಬಂದದ್ದು, ಬರಬೇಕಾದದ್ದು, ಆಟೋ ಬಾಡಿಗೆ, ಮುಚ್ಚಿಗೆ ಬದಲಾಯಿಸಿದ ಖರ್ಚು. ಆಷಾಢವೂ ಸೇರಿ ಹನ್ನೆರಡು ತಿಂಗಳ ಬಾಡಿಗೆ, ಊಟ ಅದರಲ್ಲೇ ಹುಟ್ಟಿದರೆ ಪುಸ್ತಕವನ್ನು ತಂದೆಯವರ ಮುಂದೆ ಇಟ್ಟು ಸುಮ್ಮನೆ ಕುಳಿತುಕೊಳ್ಳಿ. ಹುಟ್ಟದಿದ್ದರೆ ಇನ್ನೊಂದು ವರ್ಷ ಸಂಬಳ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಗಾಯಕಿ. ‘ವೇದಿಕೆ ಕೊಡುತ್ತೇವೆ, ಸಂಭಾವನೆ ಇಲ್ಲ’ ಎನ್ನುವ ಸಭೆಗಳಿಗೆ ಹೋಗಬೇಕೇ?
– ಮೈಸೂರಿನ ಓದುಗರು

ಉತ್ತರ: ನೀವು ಬಿಟ್ಟಿಯಾಗಿ ಹಾಡಿದರೆ ಅದು ನಿಮ್ಮ ಔದಾರ್ಯ. ನಿಮ್ಮ ಎಡಬಲಕ್ಕೆ ಕುಳಿತವರ ಔದಾರ್ಯವನ್ನೂ ನೀವೇ ಘೋಷಿಸಬೇಡಿ. ಒಪ್ಪಿಕೊಳ್ಳುವ ಮೊದಲು ಪಕ್ಕವಾದ್ಯದವರಿಗೆ ಕೊಡುವವರು ಯಾರು ಎಂದು ಕೇಳಿ. ಅವರು ಕೊಡುವುದಿಲ್ಲವೆಂದರೆ ನೀವು ಕೊಡಿ, ಅದೂ ಆಗದಿದ್ದರೆ ತಂಬೂರಿಯೊಂದಿಗೆ ಹಾಡಿಬನ್ನಿ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಪಿಟೀಲು ಕೇಳಲೆಂದು ನಿಮ್ಮೂರಿನ ಪಿಟೀಲು ವಿದ್ವಾಂಸ ಚೌಡಯ್ಯನವರು ನಾಲ್ಕರ ಬದಲು ಏಳು ತಂತಿ ಕಟ್ಟಿದರು. ಇವತ್ತು ಮೈಕ್ ಇದೆ, ಪಿಟೀಲು ಕೇಳುತ್ತದೆ, ಪಿಟೀಲಿನವರ ಬಾಡಿಗೆಯ ಮಾತು ಮಾತ್ರ ಕೇಳುವುದಿಲ್ಲ.

ನನಗೆ ಒಂದು ಸಭೆಯವರು ಶಾಲು, ಹಾರ, ಒಂದು ಅನಾನಸ್ ಕೊಟ್ಟು ಬಸ್ ನಿಲ್ದಾಣದವರೆಗೆ ಬಿಟ್ಟಿದ್ದರು. ಅನಾನಸ್ ಸಿಹಿಯಾಗಿತ್ತು.